ಮಡಕೆ ಚೂರಿನ ತವರು ಯಾವುದು? ಪರೀಕ್ಷೆ ಆರಿಸುವ ಮುಂಚೆ ಓದಿ

ಮೇಜಿನ ಮೇಲೆ ಎರಡು ಚೂರು ಇವೆ ಅಂದುಕೊಳ್ಳಿ. ಒಂದು ಬಿಳಿ ಪಿಂಗಾಣಿ. ತೆಳ್ಳಗಿದೆ, ಮೇಲೆ ತಿಳಿ ನೀಲಿ ಹೊಳಪಿದೆ, ಬೆರಳಿಂದ ತಟ್ಟಿದರೆ ಟಿಣ್ ಅನ್ನುತ್ತದೆ. ಇನ್ನೊಂದು ಅಡುಗೆ ಮಡಕೆಯ ತುಂಡು. ಹೊರಗೆ ಮಸಿ ಹಿಡಿದಿದೆ, ಒಳಗೆ ಕೆಂಪು, ಮುರಿದ ಕಡೆ ಮರಳಿನ ಕಾಳು ಬರಿಗಣ್ಣಿಗೇ ಕಾಣುತ್ತದೆ. ಎರಡೂ ಒಂದೇ ಹಳೇ ಬಂದರಿನಲ್ಲಿ, ಒಂದೇ ಮಣ್ಣಿನ ಪದರದಲ್ಲಿ ಸಿಕ್ಕಿವೆ. ಕೈಯಲ್ಲಿರುವ ದುಡ್ಡು ಒಂದು ಚೂರಿನ ಪರೀಕ್ಷೆಗೆ ಸಾಕು. ಯಾವುದನ್ನು ಕಳಿಸುತ್ತೀರಿ?

ಹೆಚ್ಚಿನವರ ಕೈ ಪಿಂಗಾಣಿ ಕಡೆಗೇ ಹೋಗುತ್ತದೆ. ನನ್ನ ಕೈ ಮಸಿ ಹಿಡಿದ ತುಂಡಿನ ಕಡೆಗೆ ಹೋಗುತ್ತದೆ. ಕಾರಣ ಸರಳ. ಪಿಂಗಾಣಿ ಚೂರನ್ನು ಅನುಭವ ಇರುವವರು ನೋಡಿದ ಕೂಡಲೇ ಇದು ಚೀನಾದ್ದು, ಸುಮಾರು ಇಂಥ ಶತಮಾನದ್ದು ಅಂತ ಹೇಳಿಬಿಡುತ್ತಾರೆ. ಅಡುಗೆ ಮಡಕೆಯನ್ನು ಎಷ್ಟೇ ಪಳಗಿದ ಕಣ್ಣು ನೋಡಿದರೂ ಅದು ಆ ಊರಿನದ್ದೋ, ಕೊಂಕಣದ್ದೋ, ಸಮುದ್ರದಾಚೆ ಯೆಮೆನ್‌ನದ್ದೋ ಅಂತ ಖಡಾಖಂಡಿತವಾಗಿ ಹೇಳಲು ಆಗುವುದಿಲ್ಲ. ಕಣ್ಣು ಸೋಲುವ ಕಡೆ ದುಡ್ಡು ಹಾಕಬೇಕು. ಕೆಳಗಿನ ಹೋಲಿಕೆಯನ್ನೆಲ್ಲ ಇದೇ ಲೆಕ್ಕದಲ್ಲಿ ಮಾಡಿದ್ದೇನೆ.

ಇದು ಯಾರಿಗೆ? ಹಳೇ ಬಂದರುಗಳ ಬಗ್ಗೆ ಎಂ.ಎ. ಅಥವಾ ಪಿಎಚ್‌ಡಿ ಮಾಡುತ್ತಿರುವವರಿಗೆ, ಊರಿನ ಇತಿಹಾಸ ಕಟ್ಟಿಕೊಳ್ಳಲು ಹೊರಟ ಮೇಷ್ಟ್ರುಗಳಿಗೆ, ಸಣ್ಣ ಮ್ಯೂಸಿಯಂ ನೋಡಿಕೊಳ್ಳುವವರಿಗೆ. ರಸಾಯನಶಾಸ್ತ್ರ ಓದಿರಬೇಕು ಅಂತೇನಿಲ್ಲ.

ಮಡಕೆಯೇ ಯಾಕೆ?

12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಅನ್ನುವ ಯಹೂದಿ ವ್ಯಾಪಾರಿ ಮಂಗಳೂರಿನಲ್ಲಿ ವರ್ಷಗಟ್ಟಲೆ ನೆಲೆಸಿದ್ದ. ಕಂಚಿನ ಪಾತ್ರೆ ಮಾಡಿಸುವ ಕಾರ್ಖಾನೆ ಇಟ್ಟುಕೊಂಡಿದ್ದ. ಯೆಮೆನ್‌ನ ಏಡನ್ ಬಂದರಿನ ವ್ಯಾಪಾರಿಗಳ ಜೊತೆ ಅವನ ಪತ್ರವ್ಯವಹಾರ ಕೈರೋದ ಗೆನಿಜಾ, ಅಂದರೆ ಯಹೂದಿ ಪ್ರಾರ್ಥನಾ ಮಂದಿರದಲ್ಲಿ ಕೂಡಿಟ್ಟ ಹಳೇ ಕಾಗದಗಳಲ್ಲಿ ಉಳಿದಿದೆ. ಮೆಣಸು, ಅಡಿಕೆ, ಕಬ್ಬಿಣ, ಕಂಚು, ಎಲ್ಲದರ ಲೆಕ್ಕ ಅದರಲ್ಲಿ ಇದೆ. ಆದರೆ ಮೆಣಸು, ಅಡಿಕೆ ಮಣ್ಣಿನಲ್ಲಿ ಕೊಳೆಯುತ್ತವೆ. ಕಂಚು ಒಡೆದರೆ ಕರಗಿಸಿ ಮತ್ತೆ ಎರಕ ಹೊಯ್ಯುತ್ತಾರೆ. ಏಡನ್‌ನಿಂದ ಹಳೇ ಪಾತ್ರೆಗಳನ್ನು ಹಾಗೆ ಹೊಸದು ಮಾಡಿಸಲು ಇವನ ಹತ್ತಿರ ಕಳಿಸುತ್ತಿದ್ದರು ಕೂಡ. ಕಬ್ಬಿಣ ತುಕ್ಕು ತಿನ್ನುತ್ತದೆ. ಮಡಕೆ ಮಾತ್ರ ಒಡೆದ ಮೇಲೆ ಯಾರಿಗೂ ಬೇಡ. ಹಿತ್ತಿಲಿಗೆ ಎಸೆಯುತ್ತಾರೆ. ಎಸೆದದ್ದು ಎಸೆದಲ್ಲೇ ಎಂಟು ನೂರು, ಸಾವಿರ ವರ್ಷ ಇರುತ್ತದೆ.

ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ 1340ರ ದಶಕದಲ್ಲಿ ನಮ್ಮ ಕರಾವಳಿಯ ಹೊನ್ನಾವರ, ಬಾರ್ಕೂರು, ಮಂಗಳೂರುಗಳನ್ನು ಹೆಸರಿಸಿ ಬರೆದಿದ್ದಾನೆ. ಅವನು ನೋಡಿದ ಆ ಪೇಟೆಗಳಲ್ಲಿ ಜನ ಏನು ಅಡುಗೆ ಮಾಡುತ್ತಿದ್ದರು, ಯಾವ ಊರಿನ ಪಾತ್ರೆಯಲ್ಲಿ ಮಾಡುತ್ತಿದ್ದರು ಅನ್ನುವುದನ್ನು ಚೂರುಗಳೇ ಹೇಳಬೇಕು.

ಮೊದಲು ಪ್ರಶ್ನೆ ಬರೆದಿಟ್ಟುಕೊಳ್ಳಿ

ಪ್ರಯೋಗಾಲಯಕ್ಕೆ ಫೋನ್ ಮಾಡುವ ಮುಂಚೆ ಒಂದು ಹಾಳೆ ತಗೊಂಡು ನಿಮ್ಮ ಪ್ರಶ್ನೆ ಬರೆಯಿರಿ. ಇದು ಎಲ್ಲಿ ಮಾಡಿದ್ದು? ಇದರೊಳಗೆ ಏನಿತ್ತು? ಇದು ಯಾವ ಕಾಲದ್ದು? ಇದನ್ನು ಹೇಗೆ ಸುಟ್ಟರು? ಈ ನಾಲ್ಕಕ್ಕೆ ನಾಲ್ಕು ಬೇರೆ ದಾರಿಗಳಿವೆ. "ಇದರ ಬಗ್ಗೆ ಎಲ್ಲಾ ಹೇಳಿ" ಅಂತ ಚೂರು ಕಳಿಸಿದರೆ ಅಂಕಿಗಳು ತುಂಬಿದ ಒಂದು ಪಟ್ಟಿ ಬರುತ್ತದೆ. ಅದನ್ನು ಇಟ್ಟುಕೊಂಡು ಏನು ಮಾಡಬೇಕು ಅಂತ ನಿಮಗೂ ಗೊತ್ತಾಗುವುದಿಲ್ಲ, ಪಟ್ಟಿ ಕೊಟ್ಟ ಪ್ರಯೋಗಾಲಯದವರಿಗೂ ಗೊತ್ತಿರುವುದಿಲ್ಲ.

ಐದನೇ ಪ್ರಶ್ನೆಯೊಂದಿದೆ: ಇದನ್ನು ಸಾಗಿಸಿದವರು ಯಾರು? ಇದಕ್ಕೆ ಯಾವ ಯಂತ್ರವೂ ಉತ್ತರ ಕೊಡುವುದಿಲ್ಲ. 1998ರಲ್ಲಿ ಇಂಡೋನೇಷ್ಯಾದ ಬೆಲಿತುಂಗ್ ದ್ವೀಪದ ಹತ್ತಿರ ಸಿಕ್ಕಿದ ಹಡಗನ್ನೇ ನೋಡಿ. ಅದರಲ್ಲಿ ಸುಮಾರು 60,000 ಪಾತ್ರೆಗಳಿದ್ದವು. ಬಹುಪಾಲು ಚೀನಾದ ಚಾಂಗ್‌ಶಾ ಗೂಡುಗಳ (ಪಾತ್ರೆ ಸುಡುವ ಆವಿಗೆಗಳ) ಬಟ್ಟಲುಗಳು. ದೊಡ್ಡ ಜಾಡಿಗಳ ಒಳಗೆ ನೂರಕ್ಕೂ ಹೆಚ್ಚು ಬಟ್ಟಲುಗಳನ್ನು ಸುರುಳಿಯಾಗಿ ಜೋಡಿಸಿ ತುಂಬಿದ್ದರು. ಒಂದು ಬಟ್ಟಲಿನ ಮೇಲೆ ಕ್ರಿ.ಶ. 826ಕ್ಕೆ ಸರಿಹೊಂದುವ ತಾರೀಕೂ ಇದೆ. ಸರಕು ಚೀನಾದ್ದು, ಮುಳುಗಿದ್ದು ಇಂಡೋನೇಷ್ಯಾದಲ್ಲಿ. ಹಡಗು ಮಾತ್ರ ಅರಬ್ ಕಡೆಯ ರೀತಿಯದ್ದು, ಹಲಗೆಗಳನ್ನು ಮೊಳೆ ಇಲ್ಲದೆ ಹಗ್ಗದಿಂದ ಹೊಲಿದದ್ದು. ಆ ಬಟ್ಟಲಿನ ಮಣ್ಣನ್ನು ಎಷ್ಟು ಪರೀಕ್ಷೆ ಮಾಡಿದರೂ ಹಗ್ಗದ ವಿಷಯ ಅದರಲ್ಲಿ ಸಿಗುವುದಿಲ್ಲ. ಹಾಗಾಗಿ "ಚೀನಾ ಪಿಂಗಾಣಿ ಸಿಕ್ಕಿತು, ಚೀನೀಯರು ಬಂದಿದ್ದರು" ಅಂತ ಬರೆಯುವ ಮುಂಚೆ ಒಂದು ಸಲ ನಿಲ್ಲಿ.

ಭೂತಗನ್ನಡಿ: ಇದನ್ನು ಬಿಟ್ಟು ಮುಂದೆ ಹೋಗಬೇಡಿ

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಭೂತಗನ್ನಡಿ, ಒಳ್ಳೆ ಬೆಳಕು, ಒಂದು ಇಕ್ಕಳ. ಇಷ್ಟೇ ಸಾಮಾನು. ಚೂರಿನ ಒಂದು ಮೂಲೆಯನ್ನು ಇಕ್ಕಳದಿಂದ ಚಿವುಟಿ ಹೊಸದಾಗಿ ಮುರಿಯಿರಿ. ಹಳೇ ಮುರಿತದ ಮೇಲೆ ಮಣ್ಣು ಕೂತಿರುತ್ತದೆ, ಅದನ್ನು ನೋಡಿ ಪ್ರಯೋಜನವಿಲ್ಲ. ಹೊಸ ಮುರಿತದಲ್ಲಿ ಬೆಣಚುಕಲ್ಲಿನ ಬಿಳಿ ಕಾಳು, ಕಾಗೆಬಂಗಾರದ ಮಿಂಚು, ಸುಣ್ಣದ ಚುಕ್ಕೆ, ಉಮಿ ಸುಟ್ಟು ಹೋದ ಜಾಗದ ಸಣ್ಣ ಉದ್ದನೆಯ ತೂತು, ಎಲ್ಲಾ ಕಾಣುತ್ತವೆ. ಒಳಗಡೆ ಬೆರಳು ಗೀರಿದ ಸಾಲಿದ್ದರೆ ತಿಗರಿ ಮೇಲೆ ತಿರುಗಿಸಿದ್ದು. ಹೊರಗೆ ಹಲಗೆಯಲ್ಲಿ ಬಡಿದ ಗುರುತು, ಒಳಗೆ ಕಲ್ಲು ಒತ್ತಿ ಹಿಡಿದ ತಗ್ಗು ಇದ್ದರೆ ತಟ್ಟಿ ಮಾಡಿದ್ದು.

ಹೀಗೆ ನೋಡುತ್ತಾ ಚೂರುಗಳನ್ನು ಗುಂಪು ಮಾಡಿ. ಮುನ್ನೂರು ಚೂರು ಇದ್ದರೆ ಎರಡು ಮೂರು ದಿನದ ಕೆಲಸ. ಬೇಜಾರು ಅನಿಸಬಹುದು, ಆದರೆ ಮುಂದಿನ ಎಲ್ಲಾ ಪರೀಕ್ಷೆಗಳೂ ಈ ಗುಂಪುಗಳ ಮೇಲೇ ನಿಲ್ಲುತ್ತವೆ. ಗುಂಪು ಮಾಡದೆ ಸುಮ್ನೆ ಚೆಂದ ಕಂಡ ಹತ್ತು ಚೂರು ಆರಿಸಿ ಕಳಿಸಿದರೆ ಆ ಹತ್ತರ ವಿಷಯ ಮಾತ್ರ ಗೊತ್ತಾಗುತ್ತದೆ. ಉಳಿದ ಇನ್ನೂರ ತೊಂಬತ್ತರ ಬಗ್ಗೆ ಏನೂ ಹೇಳಲಾಗುವುದಿಲ್ಲ.

ಥಿನ್ ಸೆಕ್ಷನ್: ದೊರಗು ಮಡಕೆಗೆ ಇದೇ ಮೊದಲ ಆಯ್ಕೆ

ಚೂರಿನಿಂದ ಒಂದು ಹೋಳು ಕೊಯ್ದು, ಅಂಟಿನಲ್ಲಿ ಗಟ್ಟಿ ಮಾಡಿ, ಗಾಜಿನ ಪಟ್ಟಿಗೆ ಅಂಟಿಸಿ ಸಾಣೆ ಹಿಡಿಯುತ್ತಾ ಹೋಗುತ್ತಾರೆ. 0.03 ಮಿಲಿಮೀಟರ್‌ಗೆ ಬಂದಾಗ ನಿಲ್ಲಿಸುತ್ತಾರೆ. ಅಷ್ಟು ತೆಳ್ಳಗಾದಾಗ ಕಲ್ಲಿನ ಮೂಲಕವೂ ಬೆಳಕು ಹಾಯುತ್ತದೆ. ಅದನ್ನು ಪೋಲರೈಸಿಂಗ್ ಮೈಕ್ರೋಸ್ಕೋಪಿನ ಕೆಳಗೆ ಇಟ್ಟು ತಿರುಗಿಸಬೇಕು.

ಮೊದಲ ಸಲ ನೋಡಿದವರು ಅದನ್ನು ಮರೆಯುವುದಿಲ್ಲ. ಬರಿಗಣ್ಣಿಗೆ ಕಂದು ಮಣ್ಣಾಗಿದ್ದದ್ದು ಇಲ್ಲಿ ಒಂದು ಊರಿನ ನೆಲವೇ ಆಗಿ ತೆರೆದುಕೊಳ್ಳುತ್ತದೆ. ಬೆಣಚುಕಲ್ಲಿನ ಕಾಳುಗಳು ಪಟ್ಟಿ ತಿರುಗಿಸಿದ ಹಾಗೆ ಬೂದು, ಬಿಳಿ, ಕಪ್ಪು ಆಗುತ್ತವೆ. ಕಾಗೆಬಂಗಾರದ ಎಳೆಗಳು ಗುಲಾಬಿ, ಹಸಿರು ಬಣ್ಣದಲ್ಲಿ ಹೊಳೆಯುತ್ತವೆ. ಫೆಲ್ಡ್‌ಸ್ಪಾರ್‌ನಲ್ಲಿ ಕಪ್ಪು ಬಿಳುಪು ಗೆರೆಗಳು ಕಾಣುತ್ತವೆ. ಕಾಳು ದುಂಡಗಿದ್ದರೆ ಹೊಳೆಯಲ್ಲೋ ಅಲೆಯಲ್ಲೋ ಉರುಳಿ ಬಂದ ಮರಳು. ಮೂಲೆ ಚೂಪಾಗಿದ್ದರೆ ಕುಂಬಾರ ಕಲ್ಲು ಜಜ್ಜಿ ಬೆರೆಸಿರಬಹುದು. ಅಂದರೆ ಮಣ್ಣಿನ ಊರು ಒಂದೇ ಅಲ್ಲ, ಮಣ್ಣು ಹದ ಮಾಡಿದ ಕೈಯ ಅಭ್ಯಾಸವೂ ಕಾಣುತ್ತದೆ.

ನಮ್ಮ ಪಶ್ಚಿಮ ಕರಾವಳಿಗೆ ಇದು ಬಹಳ ಒಗ್ಗುತ್ತದೆ. ದಕ್ಷಿಣ ಕನ್ನಡ, ಉಡುಪಿಯ ನೆಲದಡಿ ಹಳೇ ನೈಸ್ ಮತ್ತು ಗ್ರಾನೈಟ್ ಬಂಡೆ, ಮೇಲೆ ಮುರಕಲ್ಲು. ಉತ್ತರಕ್ಕೆ ಹೋಗುತ್ತಾ ಗೋವಾ ದಾಟಿ ಮಹಾರಾಷ್ಟ್ರದ ಕರಾವಳಿ ಬಂದರೆ ದಖ್ಖನಿನ ಕಪ್ಪುಕಲ್ಲು, ಅಂದರೆ ಲಾವಾ ಆರಿ ಆದ ಬಸಾಲ್ಟ್, ಶುರು. ಎರಡೂ ಕಡೆಯ ಹೊಳೆ ಮರಳು ಮೈಕ್ರೋಸ್ಕೋಪಿನಡಿ ಒಂದೇ ಥರ ಕಾಣಲು ಸಾಧ್ಯವಿಲ್ಲ. ಬಾರ್ಕೂರಿನಂಥ ಕಡೆ ಸಿಕ್ಕಿದ ಅಡುಗೆ ಮಡಕೆಯ ಒಳಗೆ ಕಪ್ಪುಕಲ್ಲಿನ ಚೂರು ತುಂಬಿಕೊಂಡಿದ್ದರೆ ಅದು ಆ ಊರಿನ ಆವಿಗೆಯಲ್ಲಿ ಸುಟ್ಟದ್ದಲ್ಲ ಅಂತ ಅನುಮಾನ ಪಡಲು ಒಳ್ಳೆ ಕಾರಣ ಸಿಕ್ಕಿತು.

ಅನುಮಾನ ಅಂದೆ, ತೀರ್ಮಾನ ಅನ್ನಲಿಲ್ಲ. ಏಡನ್ ಊರು ಕೂತಿರುವುದೇ ಆರಿಹೋದ ಜ್ವಾಲಾಮುಖಿಯ ಮೇಲೆ. ಅಲ್ಲಿಯೂ ಕಪ್ಪುಕಲ್ಲು ಇದೆ. ಅಷ್ಟೇಕೆ, ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳೂ ಜ್ವಾಲಾಮುಖಿಯವೇ, ಜಾತಿ ಬೇರೆ ಅಷ್ಟೆ. ಹಾಗಾಗಿ ಭೂವಿಜ್ಞಾನ ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ಕಲ್ಲಿನ ಹೆಸರಷ್ಟೇ ಸಾಲದು, ಯಾವ ಕಲ್ಲಿನ ಜೊತೆ ಯಾವ ಕಲ್ಲು ಇದೆ ಅನ್ನುವ ಜೋಡಿ ಮುಖ್ಯ.

ಈ ವಿಧಾನ ಎಷ್ಟು ದೊಡ್ಡ ಪ್ರಶ್ನೆ ಬಿಡಿಸಬಲ್ಲದು ಅನ್ನುವುದಕ್ಕೆ ಇರಾನಿನ ಸಿರಾಫ್ ಬಂದರಿನ ಉದಾಹರಣೆ ಇದೆ. ಅಲ್ಲಿ 1966ರಿಂದ 1973ರವರೆಗೆ ಅಗೆತ ನಡೆಯಿತು. ಅಬ್ಬಾಸಿದ್ ಖಲೀಫರ ಕಾಲದ ಬಿಳಿ ಗ್ಲೇಜಿನ (ಗಾಜಿನಂಥ ಹೊಳಪು ಲೇಪದ) ಪಾತ್ರೆಗಳು ಸಿಕ್ಕವು. ಅದೇ ಬಗೆಯ ಪಾತ್ರೆಗಳು ಮುಂಚೆ ಇರಾಕಿನ ಸಮರ್ರಾ ರಾಜಧಾನಿಯಲ್ಲಿ ಸಿಕ್ಕಿದ್ದರಿಂದ ಅವಕ್ಕೆ ಸಮರ್ರಾ ಪಾತ್ರೆ ಅನ್ನುವ ಹೆಸರೇ ಬಿದ್ದಿತ್ತು. ರಾಬರ್ಟ್ ಮೇಸನ್ ಮತ್ತು ಅವರ ಜೊತೆಗಾರರು ಥಿನ್ ಸೆಕ್ಷನ್ ಮಾಡಿ ನೋಡಿ 1991ರಲ್ಲಿ ಪ್ರಕಟಿಸಿದರು. ಅವರ ಉತ್ತರ ಬಸ್ರಾ ಕಡೆ ಬೆರಳು ತೋರಿಸಿತು. ರಾಜಧಾನಿಯ ಹೆಸರು ಹೊತ್ತಿದ್ದ ಪಾತ್ರೆಗೆ ಬಂದರು ಊರು ತವರಾಯಿತು. ಕಡಲ ವ್ಯಾಪಾರ ಓದುವವರಿಗೆ ಇದು ಸಣ್ಣ ವಿಷಯ ಅಲ್ಲ ಅಲ್ವಾ?

ಖರ್ಚಿನ ವಿಷಯದಲ್ಲೂ ಇದು ಹಗುರ. ಭೂವಿಜ್ಞಾನ ವಿಭಾಗ ಇರುವ ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ಕಲ್ಲಿಗಾಗಿ ಥಿನ್ ಸೆಕ್ಷನ್ ಮಾಡುವ ವ್ಯವಸ್ಥೆ ಇರುತ್ತದೆ. ಮಡಕೆ ಕಲ್ಲಿಗಿಂತ ಮೆತ್ತಗೆ, ಪುಡಿಯಾಗುತ್ತದೆ, ಆದ್ದರಿಂದ ಅಂಟಿನಲ್ಲಿ ಚೆನ್ನಾಗಿ ನೆನೆಸಿ ಮಾಡಿ ಅಂತ ಮೊದಲೇ ಹೇಳಿ. ಒಮ್ಮೆ ಮಾಡಿದ ಗಾಜಿನ ಪಟ್ಟಿ ಹಾಳಾಗುವುದಿಲ್ಲ. ಇಪ್ಪತ್ತು ವರ್ಷ ಬಿಟ್ಟು ಇನ್ನೊಬ್ಬರು ಅದನ್ನೇ ನೋಡಿ ನಿಮ್ಮ ತಪ್ಪು ತಿದ್ದಬಹುದು.

ಪಿಂಗಾಣಿಗೆ ಮಾತ್ರ ಇದು ಅಷ್ಟು ಪ್ರಯೋಜನಕ್ಕೆ ಬರುವುದಿಲ್ಲ. ನುಣ್ಣಗೆ ಅರೆದ ಮಣ್ಣು ಜಾಸ್ತಿ ಬಿಸಿಯಲ್ಲಿ ಅರ್ಧ ಗಾಜಾಗಿಬಿಟ್ಟಿರುತ್ತದೆ. ಗುರುತಿಸಲು ಕಾಳೇ ಉಳಿದಿರುವುದಿಲ್ಲ.

ಎಕ್ಸ್‌ಆರ್‌ಎಫ್ ಗನ್: ಪಿಂಗಾಣಿಗೆ ಸರಿ, ಅವಸರಕ್ಕೆ ಅಪಾಯ

ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಯಂತ್ರ ಎಕ್ಸ್-ರೇ ಹಾಯಿಸಿ ಧಾತುಗಳನ್ನು ಅಳೆಯುತ್ತದೆ. ನೋಡಲು ಹೇರ್ ಡ್ರೈಯರ್ ಥರ ಇರುತ್ತದೆ. ಮೂತಿಯನ್ನು ಚೂರಿಗೆ ತಾಗಿಸಿ ಒಂದೆರಡು ನಿಮಿಷ ಹಿಡಿದರೆ ಕಬ್ಬಿಣ ಎಷ್ಟು, ಟೈಟಾನಿಯಂ ಎಷ್ಟು, ಜಿರ್ಕೋನಿಯಂ ಎಷ್ಟು ಅಂತ ಅಂಕಿ ಬರುತ್ತದೆ. ಚೂರಿಗೆ ಗೀರೂ ಬೀಳುವುದಿಲ್ಲ. ಮ್ಯೂಸಿಯಂನಿಂದ ಆಚೆ ಕೊಡದ ಇಡೀ ಬಟ್ಟಲನ್ನೂ ಅಲ್ಲೇ ನೋಡಬಹುದು.

ಇದರ ಬಲ ಗೊತ್ತಾಗಬೇಕಾದರೆ ಇಂಡೋನೇಷ್ಯಾದ ಜಾವಾ ಸಮುದ್ರದಲ್ಲಿ ಮುಳುಗಿದ ಒಂದು ಹಡಗಿನ ಕಥೆ ಕೇಳಬೇಕು. ಅದರ ಪಾತ್ರೆಗಳಲ್ಲಿ ಒಂದು ಪಾಲು ಶಿಕಾಗೋದ ಫೀಲ್ಡ್ ಮ್ಯೂಸಿಯಂನಲ್ಲಿದೆ. ಅದರಲ್ಲಿ ಚಿಂಗ್‌ಬೈ ಅನ್ನುವ, ತಿಳಿ ನೀಲಿ ಛಾಯೆಯ ಬಿಳಿ ಪಿಂಗಾಣಿ ಇತ್ತು. ಚಿಂಗ್‌ಬೈಗೆ ಹೆಸರಾದದ್ದು ಒಳನಾಡಿನ ಜಿಂಗ್‌ದೆಝೆನ್ ಊರು. ಆದರೆ ಸಮುದ್ರಕ್ಕೆ ಹತ್ತಿರದ ಫುಜಿಯಾನ್ ಪ್ರಾಂತ್ಯದ ಗೂಡುಗಳೂ ಅದನ್ನು ನೋಡಿ ಹಾಗೇ ಮಾಡುತ್ತಿದ್ದವು. ಕಣ್ಣಿಗೆ ವ್ಯತ್ಯಾಸ ಹಿಡಿಯುವುದು ಕಷ್ಟ. ಸಂಶೋಧಕರು ಜಿಂಗ್‌ದೆಝೆನ್, ದೆಹುವಾ, ಹುವಾಜಿಯಾಶಾನ್, ಮಿಂಚಿಂಗ್ ಎಂಬ ನಾಲ್ಕು ಕಡೆಯ ಗೂಡುಗಳ ಚೂರುಗಳನ್ನು ಅದೇ ಯಂತ್ರದಲ್ಲಿ ಅಳೆದು ಹಡಗಿನವುಗಳ ಜೊತೆ ಹೋಲಿಸಿದರು. 2019ರಲ್ಲಿ ಫಲಿತಾಂಶ ಬಂತು: ಒಂದೇ ಹಡಗಿನ ಸರಕು ಒಂದಕ್ಕಿಂತ ಹೆಚ್ಚು ಊರಿನ ಗೂಡುಗಳಿಂದ ಬಂದಿತ್ತು. ಹೋಲಿಸಲು ಗೂಡಿನ ಚೂರು ಕೈಯಲ್ಲಿದ್ದದ್ದರಿಂದಲೇ ಇದು ಸಾಧ್ಯವಾಯಿತು. ಬರೀ ಹಡಗಿನ ಚೂರು ಅಳೆದಿದ್ದರೆ ಅಂಕಿ ಸಿಗುತ್ತಿತ್ತು, ಊರು ಸಿಗುತ್ತಿರಲಿಲ್ಲ.

ನೀಲಿ ಚಿತ್ತಾರದ ಪಿಂಗಾಣಿ ನಿಮ್ಮ ಹತ್ತಿರ ಇದ್ದರೆ ಈ ಯಂತ್ರದಿಂದ ಇನ್ನೊಂದು ಲಾಭ ಇದೆ. ಆ ನೀಲಿ ಬರುವುದು ಕೋಬಾಲ್ಟ್‌ನಿಂದ. ಪಶ್ಚಿಮ ಏಷ್ಯಾದಿಂದ ತರಿಸಿದ ಕೋಬಾಲ್ಟ್‌ನಲ್ಲಿ ಮ್ಯಾಂಗನೀಸ್ ಕಡಿಮೆ, ಕಬ್ಬಿಣ ಜಾಸ್ತಿ. ಚೀನಾದ ಸ್ವಂತ ಅದಿರಿನಲ್ಲಿ ಮ್ಯಾಂಗನೀಸ್ ಜಾಸ್ತಿ. ನೀಲಿ ಗೆರೆಯ ಮೇಲೆ ಒಂದು ಓದು, ಪಕ್ಕದ ಬಿಳಿಯ ಮೇಲೆ ಒಂದು ಓದು ತೆಗೆದು ಎರಡರ ವ್ಯತ್ಯಾಸ ನೋಡಬೇಕು. ಬಣ್ಣ ಪಶ್ಚಿಮದಿಂದ ಪೂರ್ವಕ್ಕೆ ಹೋಗಿ, ಬಟ್ಟಲಾಗಿ ಮತ್ತೆ ಪಶ್ಚಿಮಕ್ಕೆ ಬಂದದ್ದು ಒಂದೇ ಚೂರಿನಲ್ಲಿ ಕಾಣುತ್ತದೆ. ಹಂಪಿಯ ಅಗೆತಗಳಲ್ಲೂ ಚೀನಾ ಪಿಂಗಾಣಿಯ ಚೂರು ಸಿಕ್ಕಿವೆ. ಅಂಥವನ್ನು ಮುಟ್ಟಿ ಹಾಳು ಮಾಡದೆ ಓದಲು ಇದಕ್ಕಿಂತ ಒಳ್ಳೆ ದಾರಿ ಇಲ್ಲ.

ಈಗ ಅಪಾಯದ ಮಾತು. ಒಬ್ಬ ವಿದ್ಯಾರ್ಥಿ ಒಮ್ಮೆ ನನಗೆ ತೋರಿಸಲು ಒಂದು ಪಟ್ಟಿ ತಂದಿದ್ದರು. ಅಂಕಿಗಳು ಎರಡು ಗುಂಪಾಗಿ ಚೆನ್ನಾಗಿ ಬೇರೆಯಾಗಿದ್ದವು. ಎರಡು ಗೂಡು ಪತ್ತೆಯಾಯಿತು ಅಂತ ಅವರಿಗೆ ಖುಷಿ. ಚೂರುಗಳನ್ನು ತರಿಸಿ ನೋಡಿದೆವು. ಒಂದು ಗುಂಪಿನಲ್ಲಿ ಯಂತ್ರವನ್ನು ಗ್ಲೇಜಿನ ಮೇಲೆ ಇಟ್ಟಿದ್ದರು, ಇನ್ನೊಂದರಲ್ಲಿ ಗ್ಲೇಜು ಹೋದ ಮೈ ಮೇಲೆ. ಯಂತ್ರ ಬೇರೆ ಮಾಡಿದ್ದು ಅದನ್ನೇ. ಯಂತ್ರ ನಡೆಸಿಕೊಟ್ಟ ಕಡೆಯಲ್ಲಿ ಯಾರೂ ಅವರಿಗೆ ಇದನ್ನು ಹೇಳಿರಲಿಲ್ಲ. ಆರು ತಿಂಗಳ ಕೆಲಸ ಮತ್ತೆ ಮೊದಲಿಂದ ಆಯಿತು. ನನಗೆ ಇವತ್ತಿಗೂ ಅದು ನೋವಿನ ವಿಷಯ.

ಆದ್ದರಿಂದ ಮಣ್ಣಿನ ಊರು ಬೇಕಾದರೆ ಹೊಸದಾಗಿ ಮುರಿದ ಅಂಚಿನ ಮೇಲೆ ಓದಿ. ಒಂದೇ ಕಡೆ ಬೇಡ, ಮೂರು ಕಡೆ ಓದಿ. ಸಮುದ್ರದಿಂದ ಎತ್ತಿದ ಚೂರಾದರೆ ಮೊದಲು ಸಿಹಿನೀರಿನಲ್ಲಿ ನೆನೆಸಿ, ನೀರು ಬದಲಿಸುತ್ತಾ ಉಪ್ಪು ಬಿಡಿಸಿರಬೇಕು. ಆಗಲೂ ಕ್ಯಾಲ್ಸಿಯಂ, ಸ್ಟ್ರಾನ್ಷಿಯಂ ಅಂಕಿಗಳನ್ನು ನಂಬಿ ಕಥೆ ಕಟ್ಟಬೇಡಿ. ಟೈಟಾನಿಯಂ, ಜಿರ್ಕೋನಿಯಂ, ಥೋರಿಯಂ ನೀರಿಗೆ ಅಷ್ಟು ಸುಲಭವಾಗಿ ಅಲುಗುವುದಿಲ್ಲ.

ಮರಳು ತುಂಬಿದ ಅಡುಗೆ ಮಡಕೆಗೆ ಈ ಗನ್ ತಗೊಂಡು ಹೋಗಬೇಡಿ ಅನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ. ಮೂತಿಯ ಕೆಳಗೆ ಒಂದು ದೊಡ್ಡ ಬೆಣಚುಕಲ್ಲು ಬಂದರೆ ಒಂದು ಉತ್ತರ, ಪಕ್ಕಕ್ಕೆ ಸರಿಸಿದರೆ ಇನ್ನೊಂದು ಉತ್ತರ.

ಎಕ್ಸ್‌ಆರ್‌ಡಿ ಬೇರೆ

ಹೆಸರು ಹತ್ತಿರ ಇರುವುದರಿಂದ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಅಕ್ಕಿ ಎಷ್ಟು, ಉದ್ದು ಎಷ್ಟು ಅಂತ ಹೇಳುವುದು ಎಕ್ಸ್‌ಆರ್‌ಎಫ್. ಅದೇ ಅಕ್ಕಿ ಉದ್ದು ಇಡ್ಲಿಯಾಯಿತೋ ದೋಸೆಯಾಯಿತೋ ಅಂತ ಹೇಳುವುದು ಎಕ್ಸ್‌ಆರ್‌ಡಿ. ಅಂದರೆ ಯಾವ ಖನಿಜಗಳು ಇವೆ ಅನ್ನುವುದನ್ನು ನೋಡಿ ಎಷ್ಟು ಬಿಸಿಯಲ್ಲಿ ಸುಟ್ಟರು ಅಂತ ಅಂದಾಜು ಮಾಡಬಹುದು. ಮುಲ್ಲೈಟ್ ಅನ್ನುವ ಖನಿಜ ಇದ್ದರೆ ಗೂಡಿನ ಬಿಸಿ 1000 ಡಿಗ್ರಿ ದಾಟಿತ್ತು. ಊರು ಹುಡುಕುವವರಿಗೆ ಇದು ಪೂರಕ ಅಷ್ಟೆ.

ರಿಯಾಕ್ಟರೋ, ಲೇಸರೋ?

ಗನ್ ಹೇಳಲಾಗದ ಸೂಕ್ಷ್ಮ ವ್ಯತ್ಯಾಸ ಬೇಕಾದಾಗ ಎರಡು ದಾರಿ ಇವೆ. ನ್ಯೂಟ್ರಾನ್ ಆ್ಯಕ್ಟಿವೇಶನ್‌ನಲ್ಲಿ ಒಂದಿಷ್ಟು ಪುಡಿ ತೆಗೆದು ಪರಮಾಣು ರಿಯಾಕ್ಟರ್‌ನಲ್ಲಿ ಇಟ್ಟು, ಹೊರಬರುವ ಗಾಮಾ ಕಿರಣ ಅಳೆಯುತ್ತಾರೆ. ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ರಿಯಾಕ್ಟರ್ ಈ ಕೆಲಸಕ್ಕೆ ಹೆಸರಾದದ್ದು. ಅಲ್ಲಿ ಮಡಕೆಯಲ್ಲಿ 30ಕ್ಕೂ ಹೆಚ್ಚು ಧಾತು ಅಳೆಯುತ್ತಾರೆ. ನಮ್ಮಲ್ಲಿ ಮುಂಬೈಯ ಟ್ರಾಂಬೆಯಲ್ಲಿ ರಿಯಾಕ್ಟರ್‌ಗಳಿವೆ. ಇದರ ದೊಡ್ಡ ಗುಣ ಅಂದರೆ ಪುಡಿಯನ್ನು ಆಸಿಡ್‌ನಲ್ಲಿ ಕರಗಿಸಬೇಕಿಲ್ಲ. ಕೊರತೆ ಅಂದರೆ ಸೀಸವನ್ನು ಇದು ಸರಿಯಾಗಿ ಹಿಡಿಯುವುದಿಲ್ಲ, ಕಾಯುವ ಸಮಯವೂ ಜಾಸ್ತಿ.

ಐಸಿಪಿ-ಎಂಎಸ್ ಅನ್ನುವುದು ಧಾತುಗಳನ್ನು ಪ್ಲಾಸ್ಮಾದ ಬಿಸಿಯಲ್ಲಿ ಬಿಡಿಸಿ ತೂಕದಿಂದ ಗುರುತಿಸುವ ಯಂತ್ರ. ಇದು ಇನ್ನೂ ಹೆಚ್ಚು ಧಾತುಗಳನ್ನು ಅಳೆಯುತ್ತದೆ. ಪುಡಿಯನ್ನು ಆಸಿಡ್‌ನಲ್ಲಿ ಕರಗಿಸಿ ಮಾಡುವುದು ಒಂದು ಬಗೆ. ಜಿರ್ಕಾನ್ ಅನ್ನುವ ಗಟ್ಟಿ ಖನಿಜದ ಕಾಳುಗಳು ಪೂರ್ತಿ ಕರಗದೆ ಉಳಿದು ಅಂಕಿ ತಪ್ಪಬಹುದು, ಅದನ್ನು ಕೇಳಿ ತಿಳಿದುಕೊಳ್ಳಿ. ಇನ್ನೊಂದು ಬಗೆ ಲೇಸರ್. ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿ ಮಾಡಿ ಅಲ್ಲಿನ ಆವಿಯನ್ನು ಮಾತ್ರ ಅಳೆಯುತ್ತಾರೆ. ಗ್ಲೇಜನ್ನು ಬೇರೆ, ಒಳಮಣ್ಣನ್ನು ಬೇರೆ ಓದಬಹುದು. ಗ್ಲೇಜಿನ ಪಾತ್ರೆಗಳಿಗೆ ನಾನು ಲೇಸರನ್ನೇ ಆರಿಸುತ್ತೇನೆ. ಗ್ಲೇಜಿನಲ್ಲಿ ಸೀಸ ಇದ್ದರೆ ಅದರ ಐಸೋಟೋಪ್ (ಒಂದೇ ಧಾತುವಿನ ಬೇರೆ ಬೇರೆ ತೂಕದ ರೂಪ) ಅಳೆದು ಸೀಸದ ಗಣಿ ಯಾವ ಕಡೆಯದ್ದು ಅಂತ ಹುಡುಕುವ ದಾರಿಯೂ ಇದೆ. ನೆನಪಿಡಿ, ಆಗ ಸಿಗುವುದು ಗಣಿಯ ಊರು. ಮಡಕೆಯ ಊರು ಬೇರೆ ಇರಬಹುದು.

ಒಳಗೆ ಏನಿತ್ತು?

ನನಗೆ ತುಂಬಾ ಇಷ್ಟವಾದ ಭಾಗ ಇದು. ವ್ಯಾಪಾರಿ ಜಾಡಿ ಮಾರಲು ಹೊರಟಿದ್ದಕ್ಕಿಂತ ಜಾಡಿಯೊಳಗಿನ ಸರಕು ಮಾರಲು ಹೊರಟದ್ದೇ ಜಾಸ್ತಿ. ಇಬ್ನ್ ಬತೂತ ತನಗೆ ಸಿಕ್ಕ ಒಂದು ಉಡುಗೊರೆಯ ವಿಷಯ ಬರೆದಿದ್ದಾನೆ: ಶುಂಠಿ, ಮೆಣಸು, ನಿಂಬೆ, ಮಾವಿನಕಾಯಿ, ಎಲ್ಲಾ ಉಪ್ಪು ಹಾಕಿದ್ದು, ಸಮುದ್ರ ಪ್ರಯಾಣಕ್ಕೆ ಮಾಡುವ ಹಾಗೆ, ಮರ್ತಬಾನ್ ಜಾಡಿಗಳಲ್ಲಿ ತುಂಬಿದ್ದು. ಮರ್ತಬಾನ್ ಬರ್ಮಾದ ಒಂದು ಬಂದರು. ಉರ್ದು, ಹಿಂದಿಯಲ್ಲಿ ಉಪ್ಪಿನಕಾಯಿ ಜಾಡಿಗೆ ಇವತ್ತಿಗೂ ಅದೇ ಹೆಸರು. ನಮ್ಮ ಅಜ್ಜಿ ಅಟ್ಟದ ಮೇಲೆ ಬಾಯಿಗೆ ಬಟ್ಟೆ ಕಟ್ಟಿ ಇಡುತ್ತಿದ್ದ ಭರಣಿಯ ದೂರದ ನೆಂಟ ಅದು.

ಗ್ಲೇಜಿಲ್ಲದ ಮಡಕೆಯ ಗೋಡೆ ಎಣ್ಣೆ, ಕೊಬ್ಬುಗಳನ್ನು ಹೀರಿಕೊಂಡು ಇಟ್ಟುಕೊಳ್ಳುತ್ತದೆ. ಆ ಗೋಡೆಯಿಂದ ಸ್ವಲ್ಪ ಪುಡಿ ಕೊರೆದು ದ್ರಾವಕದಲ್ಲಿ ನೆನೆಸಿ, ಮಿಶ್ರಣದ ಅಣುಗಳನ್ನು ಬೇರೆ ಮಾಡಿ ಗುರುತಿಸುವ ಜಿಸಿ-ಎಂಎಸ್ ಯಂತ್ರದಲ್ಲಿ ಬಿಡಿಸಿ ನೋಡಿದರೆ ಪ್ರಾಣಿ ಕೊಬ್ಬೋ, ಮೀನೋ, ಗಿಡದ ಎಣ್ಣೆಯೋ, ರಾಳವೋ ಅಂತ ಗೊತ್ತಾಗಬಹುದು. ಪಿಂಗಾಣಿ ಏನನ್ನೂ ಹೀರುವುದಿಲ್ಲ, ಅದನ್ನು ಕಳಿಸಬೇಡಿ.

ಟಾರ್ಪೆಡೋ ಜಾಡಿಗಳು ಇದಕ್ಕೆ ಒಳ್ಳೆ ಉದಾಹರಣೆ. ಹಿಡಿಕೆ ಇಲ್ಲದ, ಉದ್ದನೆಯ, ತಳ ಮೊನಚಾದ ಜಾಡಿಗಳು. ಒಳಗೆ ಸೋರದಂತೆ ಡಾಂಬರಿನಂಥ ಬಿಟುಮೆನ್ ಬಳಿದಿರುತ್ತದೆ. ಪರ್ಷಿಯನ್ ಕೊಲ್ಲಿಯಿಂದ ಶ್ರೀಲಂಕಾದ ಅನುರಾಧಪುರದವರೆಗೆ, ಅಲ್ಲಿಂದಾಚೆ ಥಾಯ್ಲೆಂಡಿನವರೆಗೆ ಸಿಕ್ಕಿವೆ. ಥಾಯ್ಲೆಂಡಿನಲ್ಲಿ ಸಿಗಡಿ ಹೊಂಡದಲ್ಲಿ 2013ರಲ್ಲಿ ಸಿಕ್ಕಿದ ಫನೋಮ್ ಸುರಿನ್ ಹಡಗಿನ ಜಾಡಿಗಳ ಬಿಟುಮೆನ್ ಪರೀಕ್ಷೆ ಮಾಡಿದಾಗ ಅದರ ಗುರುತು ಇರಾನಿನ ಕಡೆಯ ನೈಸರ್ಗಿಕ ಬಿಟುಮೆನ್‌ಗೆ ಹೊಂದಿತು. ಇಲ್ಲಿ ಒಳಗಿನ ಬಳಿತವೇ ದಾರಿ ಹೇಳಿತು.

ಈ ಪರೀಕ್ಷೆ ಮಾಡಿಸುವ ಆಸೆ ಇದ್ದರೆ ಚೂರು ಸಿಕ್ಕಿದ ದಿನವೇ ಎಚ್ಚರ ಬೇಕು. ತೊಳೆಯಬೇಡಿ. ಬ್ರಷ್ ಹಾಕಬೇಡಿ. ಬರಿಗೈಯಲ್ಲಿ ಮುಟ್ಟಿದರೆ ನಿಮ್ಮ ಚರ್ಮದ ಎಣ್ಣೆ ಅದಕ್ಕೆ ಹತ್ತುತ್ತದೆ. ಪ್ಲಾಸ್ಟಿಕ್ ಚೀಲದಿಂದಲೂ ರಾಸಾಯನಿಕ ಅಂಟುತ್ತದೆ. ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಸುತ್ತಿ ಇಡಿ. ಪಕ್ಕದ ಮಣ್ಣನ್ನೂ ಒಂದು ಹಿಡಿ ಬೇರೆ ಫಾಯಿಲ್‌ನಲ್ಲಿ ತೆಗೆದುಕೊಳ್ಳಿ. ಅದರಲ್ಲೂ ಅದೇ ಎಣ್ಣೆ ಇದ್ದರೆ ಮಡಕೆಯದ್ದಲ್ಲ ಅಂತ ಗೊತ್ತಾಗಬೇಕಲ್ಲ.

ಕಾಲ ಹೇಳುವ ಟಿಎಲ್

ಥರ್ಮೋಲ್ಯೂಮಿನೆಸೆನ್ಸ್ (ಟಿಎಲ್), ಅಂದರೆ ಮತ್ತೆ ಬಿಸಿ ಮಾಡಿದಾಗ ಮಡಕೆಯ ಕಾಳುಗಳು ಹೊಮ್ಮಿಸುವ ಬೆಳಕಿನ ಅಳತೆ, ಮಡಕೆಯನ್ನು ಕೊನೇ ಸಲ ಬಿಸಿ ಮಾಡಿದ ಕಾಲ ಹೇಳುತ್ತದೆ. ನೂರಕ್ಕೆ ಐದರಿಂದ ಹತ್ತರಷ್ಟು ಆಚೀಚೆ ಇರುತ್ತದೆ. 900 ವರ್ಷದ ಮಡಕೆ ಅಂದರೆ 45ರಿಂದ 90 ವರ್ಷ ಹಿಂದೆ ಮುಂದೆ. ಅದೇ ಪದರದಲ್ಲಿ ಗುರುತಿಸಬಲ್ಲ ಚೀನಾ ಪಿಂಗಾಣಿ ಇದ್ದರೆ ಅದರಿಂದಲೇ ಇದಕ್ಕಿಂತ ಚೆನ್ನಾಗಿ ಕಾಲ ಸಿಗುತ್ತದೆ. ದುಡ್ಡು ಉಳಿಸಿ. ಜಾವಾ ಸಮುದ್ರದ ಹಡಗಿನಲ್ಲೂ ಕಾಲ ತಿದ್ದಿದ್ದು ಬೇರೆ ರೀತಿ. ಒಂದು ಪಿಂಗಾಣಿ ಡಬ್ಬಿಯ ತಳದಲ್ಲಿ ಜಿಯಾನ್‌ನಿಂಗ್ ಫು ಅಂತ ಊರಿನ ಹೆಸರಿತ್ತು. ಆ ಊರನ್ನು ಹಾಗೆ ಕರೆಯುತ್ತಿದ್ದದ್ದು 1162ರಿಂದ 1278ರವರೆಗೆ. ಜೊತೆಗೆ ಹಡಗಿನಲ್ಲಿದ್ದ ಆನೆದಂತ, ರಾಳಗಳ ರೇಡಿಯೋಕಾರ್ಬನ್ ಕಾಲಪರೀಕ್ಷೆ ಮಾಡಿಸಿದರು. 13ನೇ ಶತಮಾನದ್ದು ಅಂದುಕೊಂಡಿದ್ದ ಹಡಗು 12ನೇ ಶತಮಾನದ ಕಡೆಗೆ ಸರಿಯಿತು.

ಯಾವುದು ಮೊದಲು, ಯಾವುದು ಆಮೇಲೆ

ಒಂದು ಪರೀಕ್ಷೆ ಇನ್ನೊಂದನ್ನು ಕೆಡಿಸಬಾರದು. ಮೊದಲು ಫೋಟೋ, ಅಳತೆ, ತೂಕ, ನಂಬರ್. ಆಮೇಲೆ ತೊಳೆಯದ ಚೂರಿನಿಂದ ಎಣ್ಣೆ ಪರೀಕ್ಷೆಯ ಪುಡಿ. ಟಿಎಲ್ ಬೇಕಿದ್ದರೆ ಅದರ ಪುಡಿಯನ್ನು ಎಕ್ಸ್-ರೇ ತಾಗುವ ಮುಂಚೆ ತೆಗೆದಿಡಿ. ನಂತರ ಎಕ್ಸ್‌ಆರ್‌ಎಫ್. ಕೊಯ್ಯುವ ಕೆಲಸ ಕೊನೆಗೆ.

ಕಾನೂನಿನ ಮಾತೊಂದಿದೆ. ಸಂರಕ್ಷಿತ ಜಾಗದಿಂದ ಚೂರು ಹೆಕ್ಕಬೇಡಿ, ಪುರಾತತ್ವ ಇಲಾಖೆಗೆ ತಿಳಿಸಿ. ನೂರು ವರ್ಷ ದಾಟಿದ ವಸ್ತುವನ್ನು ದೇಶದಾಚೆ ಕಳಿಸಲು 1972ರ ಪುರಾವಸ್ತು ಕಾಯ್ದೆ ಅಡ್ಡ ಬರುತ್ತದೆ. ಹಾಗಾಗಿ ಹೊರದೇಶದ ಪ್ರಯೋಗಾಲಯ ಎಷ್ಟೇ ಒಳ್ಳೆಯದಿದ್ದರೂ ಅನುಮತಿಗೆ ಬೇಕಾಗುವ ತಿಂಗಳುಗಳನ್ನು ಮೊದಲೇ ಲೆಕ್ಕ ಹಾಕಿ.

ನಾನಾಗಿದ್ದರೆ ಏನು ಮಾಡುತ್ತಿದ್ದೆ

ದುಡ್ಡು ಬಹಳ ಕಡಿಮೆ ಇದ್ದರೆ: ಭೂತಗನ್ನಡಿಯಲ್ಲಿ ಎಲ್ಲವನ್ನೂ ಗುಂಪು ಮಾಡಿ, ಪ್ರತಿ ದೊರಗು ಮಡಕೆ ಗುಂಪಿನಿಂದ ಮೂರು ನಾಲ್ಕು ಚೂರಿನ ಥಿನ್ ಸೆಕ್ಷನ್. ಅಷ್ಟರಲ್ಲೇ ಒಂದು ಒಳ್ಳೆ ಪ್ರಬಂಧ ಆಗುತ್ತದೆ.

ಕೈಯಲ್ಲಿರುವುದು ಬರೀ ಪಿಂಗಾಣಿಯಾದರೆ, ಅದೂ ಮ್ಯೂಸಿಯಂನದ್ದಾದರೆ: ಎಕ್ಸ್‌ಆರ್‌ಎಫ್ ಗನ್. ಆದರೆ ಚೀನಾದ ಗೂಡುಗಳ ಅಂಕಿ ಅದೇ ಬಗೆಯ ಯಂತ್ರದಲ್ಲಿ ಅಳೆದದ್ದು ಸಿಗುತ್ತದೆಯೇ ಅಂತ ಮೊದಲು ವಿಚಾರಿಸಿ. ಸಿಗದಿದ್ದರೆ ಕಾಯಿರಿ.

ಸೀಸದ ಗ್ಲೇಜಿನ ಪಾತ್ರೆಗಳಾದರೆ ಲೇಸರ್. ಹೀರುವ ಗೋಡೆಯ ದೊಡ್ಡ ಜಾಡಿ, ಅದೂ ನೀವೇ ಅಗೆತದಲ್ಲಿ ತೆಗೆದದ್ದಾದರೆ, ಬೇರೆಲ್ಲ ಬಿಟ್ಟು ಎಣ್ಣೆ ಪರೀಕ್ಷೆಗೆ ಮೊದಲ ಪಾಲು.

ದುಡ್ಡು, ಸಮಯ ಎರಡೂ ಇದ್ದರೆ ಥಿನ್ ಸೆಕ್ಷನ್ ಜೊತೆ ಐಸಿಪಿ-ಎಂಎಸ್. ಒಂದು ಕಾಳು ನೋಡುತ್ತದೆ, ಇನ್ನೊಂದು ಮಣ್ಣು ನೋಡುತ್ತದೆ. ಕುಂಬಾರ ಅದೇ ಮಣ್ಣಿಗೆ ಈ ವರ್ಷ ಒಂದು ಮರಳು, ಮುಂದಿನ ವರ್ಷ ಇನ್ನೊಂದು ಮರಳು ಬೆರೆಸಿದ್ದರೆ ರಸಾಯನದ ಅಂಕಿ ಎರಡು ಊರು ಅನ್ನುತ್ತದೆ. ಮೈಕ್ರೋಸ್ಕೋಪ್ ಒಂದೇ ಊರು ಅನ್ನುತ್ತದೆ. ಈ ಜಗಳ ಬಿಡಿಸುವಾಗಲೇ ನಿಜ ಕಾಣುವುದು.

ಯೆಮೆನ್‌ನ ಹದ್ರಮೌತ್ ಕರಾವಳಿಯ ಶರ್ಮಾ ಬಂದರಿನಲ್ಲಿ 10ರಿಂದ 12ನೇ ಶತಮಾನದ ಪದರಗಳಲ್ಲಿ ಭಾರತದ ಮಡಕೆಗಳೂ ಸಿಕ್ಕಿವೆ. ಭಾರತದ್ದು ಅಂದರೆ ಭಾರತದ ಯಾವ ಊರಿನದ್ದು? ಗುಜರಾತೋ, ಕೊಂಕಣವೋ, ಮಂಗಳೂರೋ, ಮಲಬಾರೋ? ಇದನ್ನು ಹೇಳಬೇಕಾದರೆ ನಮ್ಮ ಕಡೆಯ ಮಣ್ಣಿನ ದಾಖಲೆ ಬೇಕು. ಅದಕ್ಕೆ ರಿಯಾಕ್ಟರ್ ಬೇಡ. ಕರಾವಳಿಯಲ್ಲಿ ಇನ್ನೂ ತಿಗರಿ ತಿರುಗಿಸುವ ಕುಂಬಾರರ ಮನೆಗಳಿವೆ. ಅವರ ಹತ್ತಿರ ಹೋಗಿ, ಯಾವ ಗದ್ದೆಯಿಂದ ಮಣ್ಣು ತರುತ್ತೀರಿ, ಮರಳು ಯಾವ ಹೊಳೆಯದ್ದು, ಎಷ್ಟು ಬೆರೆಸುತ್ತೀರಿ ಅಂತ ಕೇಳಿ. ಗದ್ದೆಯ ಮಣ್ಣು ಒಂದು ಡಬ್ಬಿ, ಹೊಳೆಯ ಮರಳು ಒಂದು ಡಬ್ಬಿ, ಒಡೆದ ಹೊಸ ಮಡಕೆಯ ತುಂಡು ಒಂದು ಡಬ್ಬಿ. ಮೇಲೆ ಊರು, ತಾರೀಕು, ಕುಂಬಾರರು ಆ ಮಣ್ಣಿಗೆ ಕರೆಯುವ ಹೆಸರು ಬರೆದು ಅಂಟಿಸಿ. ನಾನು ಯಾವ ಪರೀಕ್ಷೆಗೂ ಮುಂಚೆ ಈ ಡಬ್ಬಿಗಳನ್ನು ತುಂಬಿಸಿಕೊಳ್ಳುತ್ತೇನೆ.